‘ಸಂಸ್ಕಾರ’ಕ್ಕೊಂದು ವಿಕಿಪೀಡಿಯ ಪುಟ: ಕಾದಂಬರಿಯ ಪಕ್ಕದಲ್ಲಿ ಸಿನಿಮಾ

ಇವತ್ತು ನಾವೆಲ್ಲ ಸೇರಿ ಒಂದು ಪುಟ ಬರೆಯೋಕೆ ಕೂತಿದ್ದೀವಿ ಅಂದುಕೊಳ್ಳಿ. ಒಬ್ಬರು ಶಿವಮೊಗ್ಗದಲ್ಲಿದ್ದಾರೆ, ಒಬ್ಬರು ಧಾರವಾಡದಲ್ಲಿ, ಇನ್ನೊಬ್ಬರು ಹೊರದೇಶದಲ್ಲಿ, ಕೆಲಸ ಮುಗಿಸಿ ರಾತ್ರಿ ಲ್ಯಾಪ್‌ಟಾಪ್ ತೆಗೆದಿದ್ದಾರೆ. ಯಾರಿಗೆ ಯಾರ ಮುಖವೂ ಗೊತ್ತಿಲ್ಲ. ಜಾಗ ಕನ್ನಡ ವಿಕಿಪೀಡಿಯ, 2003ರಿಂದ ನಡೀತಾ ಇರೋ ವಿಶ್ವಕೋಶ. ವಿಷಯ ‘ಸಂಸ್ಕಾರ’ ಸಿನಿಮಾ.

ಹೆಸರು ಹಾಕೋವಾಗಲೇ ಮೊದಲ ತೊಡಕು. ಸಂಸ್ಕಾರ ಅಂತ ಹುಡುಕಿದ್ರೆ ಏನು ಬರಬೇಕು? ನಾಮಕರಣ, ಉಪನಯನ, ಮದುವೆ ಅಂತ ಹದಿನಾರು ಸಂಸ್ಕಾರಗಳಿವೆ. ಯು. ಆರ್. ಅನಂತಮೂರ್ತಿಯವರ 1965ರ ಕಾದಂಬರಿ ಇದೆ. ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದ 1970ರ ಸಿನಿಮಾ ಇದೆ. ಮೂರಕ್ಕೂ ಬೇರೆ ಬೇರೆ ಪುಟ ಬೇಕು. ನಮ್ಮ ಪುಟದ ಹೆಸರಿನ ಪಕ್ಕ ಆವರಣದಲ್ಲಿ ‘ಚಲನಚಿತ್ರ’ ಅಂತ ಹಾಕಿದರೆ ಆಯ್ತು. ಬೇಲಿ ಹಾಕೋದು ಅಷ್ಟು ಸುಲಭ. ಬರೆಯುವಾಗ ಅದನ್ನ ದಾಟದೆ ಇರೋದೇ ಕಷ್ಟ.

ಯಾಕೆ ಅಂತ ಹೇಳ್ತೀನಿ. ನಾನು ಕಥಾಸಾರವನ್ನ ಮೊದಲು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ದೂರ್ವಾಸಪುರದ ಅಗ್ರಹಾರ. ಬ್ರಾಹ್ಮಣ ಆಚಾರ ಬಿಟ್ಟಿದ್ದ ನಾರಣಪ್ಪ ಜ್ವರ ಬಂದು ಸತ್ತಿದ್ದಾನೆ, ಅವನ ಜೊತೆಗಿದ್ದ ಚಂದ್ರಿ ಬಂದು ಪ್ರಾಣೇಶಾಚಾರ್ಯರಿಗೆ ಹೇಳ್ತಾಳೆ, ಹೆಣದ ಸಂಸ್ಕಾರ ಯಾರು ಮಾಡಬೇಕು ಅನ್ನೋ ಪ್ರಶ್ನೆಗೆ ಆಚಾರ್ಯರು ಗ್ರಂಥಗಳಲ್ಲಿ ಉತ್ತರ ಹುಡುಕ್ತಾರೆ. ಹೀಗೆ ಹನ್ನೆರಡು ವಾಕ್ಯ. ಆಮೇಲೆ ಪೆನ್ಸಿಲ್ ಹಿಡಿದು ಸಿನಿಮಾ ಇನ್ನೊಂದು ಸಲ ನೋಡಿದೆ. ಕೊನೆಯ ಐದು ವಾಕ್ಯ ಹೊಡೆದು ಹಾಕಬೇಕಾಯ್ತು. ಆಚಾರ್ಯರಿಗೆ ಹೀಗನ್ನಿಸಿತು, ಅವರು ಇದನ್ನ ಅರಿತುಕೊಂಡರು, ಒಳಗೊಳಗೇ ನಾಚಿದರು ಅಂತೆಲ್ಲ ಬರೆದಿದ್ದೆ. ಅದೆಲ್ಲ ಕಾದಂಬರಿಯದ್ದು. ಅಲ್ಲಿ ನಾವು ಆಚಾರ್ಯರ ತಲೆಯೊಳಗೇ ಕೂತಿರ್ತೀವಿ, ಮೂರನೇ ಭಾಗದಲ್ಲಂತೂ ಹೊರಗೆ ಬರೋದೇ ಕಡಿಮೆ. ಕ್ಯಾಮೆರಾ ತಲೆಯೊಳಗೆ ಹೋಗೋಲ್ಲ. ಅದಕ್ಕೆ ಸಿಗೋದು ಆಚಾರ್ಯರ ಪಾತ್ರ ಮಾಡಿದ ಗಿರೀಶ್ ಕಾರ್ನಾಡರ ಮುಖ, ನಡಿಗೆ, ಸುಮ್ಮನಿರೋದು. ಕಾಲೇಜಿನಲ್ಲಿ ಓದಿದ ಪುಸ್ತಕವೂ ಆಮೇಲೆ ನೋಡಿದ ಸಿನಿಮಾವೂ ನನ್ನ ತಲೆಯಲ್ಲಿ ಬೆರೆತುಹೋಗಿದ್ದವು. ನಿಮಗೂ ಹೀಗೇ ಆಗಿರುತ್ತೆ, ಒಮ್ಮೆ ಪರೀಕ್ಷೆ ಮಾಡಿ ನೋಡಿ.

ವಿಕಿಪೀಡಿಯದ ಲೆಕ್ಕ ಇಲ್ಲಿ ನೇರವಾಗಿದೆ. ತೆರೆ ಮೇಲೆ ಏನಾಗುತ್ತೆ ಅನ್ನೋದಕ್ಕೆ ಸಿನಿಮಾನೇ ಆಧಾರ. ಅದರ ಅರ್ಥ ಏನು ಅನ್ನೋದಕ್ಕೆ ಅಚ್ಚಾದ ಒಂದು ವಿಮರ್ಶೆ ಬೇಕು, ಉಲ್ಲೇಖ ಬೇಕು. ಆಚಾರ್ಯರು ತಿರುಗಿ ನೋಡ್ತಾರೆ ಅಂತ ನಾವು ಬರೀಬಹುದು. ಪಶ್ಚಾತ್ತಾಪದಿಂದ ನೋಡ್ತಾರೆ ಅಂತ ಬರೆಯೋಕೆ ಬೇರೆಯವರ ಮಾತು ಬೇಕು.

ಈಗ ಒಂದು ವಾಕ್ಯವನ್ನ ಹತ್ತಿರದಿಂದ ನೋಡೋಣ. ನಮ್ಮಲ್ಲೊಬ್ಬರು ಬರೀತಾರೆ: “ಸಂಸ್ಕಾರ ಕನ್ನಡ ಚಿತ್ರರಂಗದ ದಿಕ್ಕನ್ನೇ ಬದಲಿಸಿದ ಮಹಾನ್ ಚಿತ್ರ.” ಇನ್ನೊಬ್ಬರು ‘ಮಹಾನ್’ ತೆಗೀತಾರೆ. ಮೂರನೆಯವರು ‘ದಿಕ್ಕನ್ನೇ ಬದಲಿಸಿದ’ ಅನ್ನೋದರ ಮುಂದೆ ಆಧಾರ ಬೇಕು ಅಂತ ಗುರುತು ಹಾಕ್ತಾರೆ. ಮೊದಲನೆಯವರಿಗೆ ಬೇಜಾರಾಗುತ್ತೆ, ಸಹಜವೇ. ಪ್ರೀತಿಯಿಂದ ಬರೆದ ಮಾತು ಅದು. ಅವರು ಚರ್ಚೆ ಪುಟಕ್ಕೆ ಹೋಗಿ ಕೇಳ್ತಾರೆ, ಎರಡು ದಿನ ಮಾತು ನಡೆಯುತ್ತೆ. ಕೊನೆಗೆ ಪುಟದಲ್ಲಿ ಉಳಿಯೋದು ಇಷ್ಟು: “1970ನೇ ಸಾಲಿನ ಅತ್ಯುತ್ತಮ ಕಥಾಚಿತ್ರ ರಾಷ್ಟ್ರಪ್ರಶಸ್ತಿ ಪಡೆದ ಈ ಚಿತ್ರ, ಆ ಪ್ರಶಸ್ತಿ ಪಡೆದ ಮೊದಲ ಕನ್ನಡ ಚಿತ್ರ.” ಒಂದೂ ಹೊಗಳಿಕೆ ಇಲ್ಲ. ನನಗಂತೂ ಮೊದಲಿನದಕ್ಕಿಂತ ಇದೇ ದೊಡ್ಡ ಮಾತು ಅನ್ನಿಸುತ್ತೆ. ಮೊದಲನೆಯದನ್ನ ಯಾವ ಸಿನಿಮಾಕ್ಕೆ ಬೇಕಾದ್ರೂ ಅಂಟಿಸಬಹುದು, ಇದು ಇದೊಂದಕ್ಕೇ ಸಲ್ಲೋದು.

ಹಳೆಯ ವಾಕ್ಯ ಎಲ್ಲಿಗೂ ಹೋಗಿರೋಲ್ಲ. ‘ಇತಿಹಾಸ’ ಒತ್ತಿದರೆ ಯಾರು, ಯಾವತ್ತು, ಎಷ್ಟು ಹೊತ್ತಿಗೆ ಏನು ಬದಲಾಯಿಸಿದರು ಅನ್ನೋದು ಸಾಲಾಗಿ ಕಾಣುತ್ತೆ. ತಪ್ಪಾಗಿದ್ದರೆ ಹಿಂದಕ್ಕೆ ತಿರುಗಿಸಬಹುದು. ಅದಕ್ಕೇ ಹೆದರಬೇಡಿ ಅನ್ನೋದು. ಆದರೆ ಉಳಿಸೋ ಮುಂಚೆ ಯಾಕೆ ಬದಲಾಯಿಸಿದ್ರಿ ಅಂತ ಸಾರಾಂಶದಲ್ಲಿ ಒಂದು ಸಾಲು ಬರೀರಿ. ಚರ್ಚೆ ಪುಟದಲ್ಲಿ ಮಾತಾಡಿದ್ರೆ ಕೊನೆಗೆ ಸಹಿ ಹಾಕಿ. ಒಂದು ಪುಟಕ್ಕಿಂತ ದೊಡ್ಡ ತಕರಾರಾದರೆ ಅರಳಿಕಟ್ಟೆ ಅಂತಲೇ ಒಂದು ಜಾಗ ಇದೆ, ಎಲ್ಲರೂ ಸೇರೋ ಕಟ್ಟೆ. ಆ ಹೆಸರಿಟ್ಟವರಿಗೆ ನನ್ನ ನಮಸ್ಕಾರ.

ಇಂಗ್ಲಿಷ್ ಪುಟ ಇದೆಯಲ್ಲ, ಅದನ್ನೇ ಯಂತ್ರಕ್ಕೆ ಕೊಟ್ಟು ಅನುವಾದ ಮಾಡಿದ್ರಾಯ್ತು ಅಂತ ಕೆಲವರು ಕೇಳ್ತಾರೆ. ನಾರಣಪ್ಪ ಇಂಗ್ಲಿಷಿಗೆ ಹೋಗಿ ವಾಪಸ್ ಬರುವಾಗ ‘ಣ’ ಕಳಕೊಂಡು ‘ನರನಪ್ಪ’ ಆಗಿ ಬರಬಹುದು. ಕನ್ನಡದವರೇ ಬರೆದ ಪಾತ್ರ, ಕನ್ನಡದ ಪುಟದಲ್ಲೇ ಹೆಸರು ತಪ್ಪಿದರೆ ನನಗೆ ನಿಜವಾಗಿಯೂ ನೋವಾಗುತ್ತೆ. ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಹೆಸರುಗಳನ್ನ ಅಕ್ಷರ ಅಕ್ಷರ ಹೋಲಿಸಿ.

ಇನ್ನು ಯಾವ ಸಂಗತಿ ಯಾವ ಪುಟಕ್ಕೆ? ಬರ್ಮಿಂಗ್‌ಹ್ಯಾಮಿನಲ್ಲಿ ಓದ್ತಿದ್ದಾಗ ಅನಂತಮೂರ್ತಿ ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ಸಿನಿಮಾ ನೋಡಿದ್ದರು, ಸಂಸ್ಕಾರ ಬರೆಯೋಕೆ ಅದೇ ಪ್ರೇರಣೆ ಅಂತ ಅವರೇ ಹೇಳಿಕೊಂಡಿದ್ದಾರೆ. ಸಿನಿಮಾದಿಂದ ಕಾದಂಬರಿ, ಕಾದಂಬರಿಯಿಂದ ಮತ್ತೆ ಸಿನಿಮಾ. ಎಂಥ ಚೆಂದದ ಸಂಗತಿ! ಎರಡೂ ಪುಟಕ್ಕೆ ಹಾಕೋ ಆಸೆ ಆಗುತ್ತೆ. ಆದರೆ ಅದು ಕಾದಂಬರಿ ಹುಟ್ಟಿದ ಕಥೆ, ಅಲ್ಲೇ ಇರಲಿ.

ಚಂದ್ರಿಯ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿ ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಿನ ಜೈಲಿನಲ್ಲಿದ್ದರು. ಕಾಯಿಲೆ ಉಲ್ಬಣಿಸಿ, ಹೊರಗೆ ಬಂದ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ ತೀರಿಕೊಂಡರು. ಈ ವಿಷಯ ಗೊತ್ತಾದ ಮೇಲೆ ಚಂದ್ರಿಯ ದೃಶ್ಯಗಳನ್ನ ನಾನು ಮೊದಲಿನ ಹಾಗೆ ನೋಡೋಕಾಗಿಲ್ಲ. ಆದರೂ ಸಿನಿಮಾ ಪುಟದಲ್ಲಿ ಅವರ ಹೆಸರಿಗೊಂದು ಕೊಂಡಿ ಸಾಕು. ಅವರ ಬದುಕಿಗೆ ಅವರದೇ ಪುಟ ಬೇಕು, ಅದು ಪೂರ್ತಿಯಾಗಿ, ಗೌರವದಿಂದ ಬರೆದಿರಬೇಕು.

ಚಿತ್ರೀಕರಣದ ವಿಭಾಗಕ್ಕೆ ಕಾರ್ನಾಡರ ಆತ್ಮಕಥೆ ‘ಆಡಾಡತ ಆಯುಷ್ಯ’ ನೋಡಲೇಬೇಕು. ಆದರೆ ಅವರೇ ಚಿತ್ರಕಥೆ ಬರೆದು ಮುಖ್ಯ ಪಾತ್ರ ಮಾಡಿದವರು, ಹಾಗಾಗಿ ‘ಕಾರ್ನಾಡರ ಪ್ರಕಾರ’ ಅಂತ ಸೇರಿಸಿ ಬರೀಬೇಕು. ನಾರಣಪ್ಪನಾಗಿ ಪಿ. ಲಂಕೇಶ್, ಛಾಯಾಗ್ರಹಣ ಆಸ್ಟ್ರೇಲಿಯಾದ ಟಾಮ್ ಕೋವನ್, ಸಂಗೀತ ರಾಜೀವ ತಾರಾನಾಥ. ಇವು ಟೈಟಲ್ ಕಾರ್ಡಿನಲ್ಲೇ ಸಿಗುತ್ತವೆ. ಪುಟಕ್ಕೆ ಚಿತ್ರ ಬೇಕು ಅಂತ ಪೋಸ್ಟರನ್ನೋ ಸಿನಿಮಾದ ದೃಶ್ಯವನ್ನೋ ಎಲ್ಲಿಂದಲೋ ಇಳಿಸಿ ವಿಕಿಪೀಡಿಯದ ಚಿತ್ರಭಂಡಾರವಾದ ಕಾಮನ್ಸಿಗೆ ಹಾಕಬೇಡಿ. ಭಾರತದಲ್ಲಿ ಸಿನಿಮಾದ ಹಕ್ಕುಸ್ವಾಮ್ಯ 60 ವರ್ಷ, ಅಂದ್ರೆ ಕನಿಷ್ಠ 2030ರ ಕೊನೆವರೆಗೆ ಕಾಯಬೇಕು.

ಈ ಚಿತ್ರದ ಪ್ರದರ್ಶನಕ್ಕೆ ಸೆನ್ಸಾರ್ ಮಂಡಳಿ ಮೊದಲು ತಡೆ ಒಡ್ಡಿತ್ತು, ಆಮೇಲೆ ಅನುಮತಿ ಸಿಕ್ಕಿತು. ಈ ಭಾಗಕ್ಕೆ ಆ ಕಾಲದ ಪತ್ರಿಕೆಯ ಉಲ್ಲೇಖ ಇದ್ದಷ್ಟೂ ಪುಟ ಗಟ್ಟಿಯಾಗುತ್ತೆ. ನಿಮ್ಮ ಮನೆ ಅಟ್ಟದಲ್ಲೋ ಊರಿನ ಗ್ರಂಥಾಲಯದಲ್ಲೋ 1970, 71ರ ‘ಪ್ರಜಾವಾಣಿ’, ‘ಸುಧಾ’ ಸಂಚಿಕೆಗಳಿದ್ದರೆ ತೆಗೆದು ನೋಡಿ. ಸಂಸ್ಕಾರದ ಬಗ್ಗೆ ಸುದ್ದಿ, ವಿಮರ್ಶೆ ಏನು ಸಿಕ್ಕಿದ್ರೂ ಪತ್ರಿಕೆಯ ಹೆಸರು, ತಾರೀಖು, ಬರೆದವರು, ಪುಟಸಂಖ್ಯೆ, ಈ ನಾಲ್ಕನ್ನ ಬರೆದುಕೊಂಡು ಚರ್ಚೆ ಪುಟದಲ್ಲಿ ಹಾಕಿ. ವಾಕ್ಯ ಕಟ್ಟೋಕೆ ಬೇರೆ ಯಾರಾದರೂ ಬರ್ತಾರೆ.