ನಾಯಿಯ ತುರಿಕೆ ಮತ್ತು ಅದರ ಊಟ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಸಮಿತಿಯವರು ಫೋನ್ ಮಾಡಿ, "ಸರ್, ನಿಮ್ಮ ಸಾಧನೆ ಬಗ್ಗೆ ಹತ್ತು ನಿಮಿಷ ಮಾತಾಡ್ರಿ" ಎಂದರು. ದನದ ಡಾಕ್ಟರನ ಸಾಧನೆ ಎಂದರೆ ಏನಿರುತ್ತದೆ? ಎಷ್ಟು ಎಮ್ಮೆಗೆ ಕೈ ಹಾಕಿ ಕರು ತೆಗೆದೆ ಎಂದು ಲೆಕ್ಕ ಹೇಳಬಹುದು. ಅದರ ಬದಲು ನಾನು ಮಾಡಿದ ಒಂದು ತಪ್ಪನ್ನು ಹೇಳುತ್ತೇನೆ. ಆ ತಪ್ಪನ್ನು ತಿದ್ದಿದವರು ಇದೇ ಶಾಲೆಯ ವಿಜ್ಞಾನದ ಮಾಸ್ತರರು. ಇಲ್ಲೇ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಹೆಸರು ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದಾರೆ, ಹೇಳುವುದಿಲ್ಲ.

ವಿಷಯ ನಾಯಿಯದು. ನಗಬೇಡಿ. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ಕಡೆ ನಾನು ಕೆಲಸ ಮಾಡಿದ್ದೇನೆ. ಮೂಡಲಗಿ ಆಗಿನ್ನೂ ಗೋಕಾಕ ತಾಲೂಕಿನಲ್ಲೇ ಇತ್ತು. ಮೊದಲೆಲ್ಲ ನಾಯಿ ಹಿಡಿದುಕೊಂಡು ಬರುವವರು ಕುರಿಗಾರರು ಮಾತ್ರ. ಪಕ್ಕದ ಮುಧೋಳದ ಬೇಟೆನಾಯಿ ನಮ್ಮ ಹೊಲಗಳಲ್ಲೂ ಓಡಾಡಿದ್ದೇ. ಮುಧೋಳದ ರಾಜ ಮಾಲೋಜಿರಾವ ಘೋರ್ಪಡೆಯವರು ಅದರ ಜೋಡಿಯನ್ನು ಐದನೇ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟಿದ್ದರು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ತಂದಿತು. ತಿಮ್ಮಾಪುರದಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೂ ಇದೆ. ಈಗ ಊರೂರಿಗೆ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಪೊಮೆರೇನಿಯನ್ ಬಂದಿವೆ. ಬೆಂಗಳೂರಲ್ಲಿರುವ ಮಗ ಸಾಕಲಾಗದೆ ಅಪ್ಪನ ಮನೆಗೆ ತಂದು ಬಿಡುತ್ತಾನೆ. ವರ್ಷವಾಗುವುದರೊಳಗೆ ಅದು ತುರಿಸಿಕೊಳ್ಳಲು ಶುರು ಮಾಡುತ್ತದೆ. ಕೂದಲು ಉದುರುತ್ತದೆ, ಕಿವಿ ನಾರುತ್ತದೆ. "ಕಜ್ಜಿ ನಾಯಿ, ಹುಡುಗರಿಗೆ ಹತ್ತತೈತಿ" ಎಂದು ಯಾರೋ ಹೇಳುತ್ತಾರೆ. ಒಂದು ರಾತ್ರಿ ಅದನ್ನು ಗಾಡಿಯಲ್ಲಿ ಹಾಕಿಕೊಂಡು ಹೋಗಿ ದೂರದ ಬಸ್ ಸ್ಟ್ಯಾಂಡಿನ ಹತ್ತಿರ ಬಿಟ್ಟು ಬರುತ್ತಾರೆ. ಹಾಗೆ ಬಿಟ್ಟ ನಾಯಿಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಮನೆಯಲ್ಲಿ ಬೆಳೆದ ನಾಯಿಗೆ ಬೀದಿಯಲ್ಲಿ ಬದುಕಲು ಬರುವುದಿಲ್ಲ.

ಮೊದಲು ಒಂದು ಮಾತು. ತುರಿಸಿಕೊಳ್ಳುವ ನಾಯಿಗಳಲ್ಲಿ ಹೆಚ್ಚಿನವಕ್ಕೆ ಊಟದ ತೊಂದರೆ ಇರುವುದೇ ಇಲ್ಲ. ಕಲ್ಲೋಳಿ ಕಡೆಯ ಒಬ್ಬ ಕುರಿಗಾರ ಅಜ್ಜ ತನ್ನ ನಾಯಿಯನ್ನು ತಂದಿದ್ದ. ಮೈತುಂಬ ಟ್ರ್ಯಾಕ್ಟರಿನ ಸುಟ್ಟ ಆಯಿಲ್ ಬಳಿದಿದ್ದ. "ಸಾಹೇಬ್ರ, ಕುರಿ ಹಾಲು ಹಾಕೂದು ಬಿಟ್ಟೀನ್ರಿ, ರೊಟ್ಟಿ ಬಿಟ್ಟೀನ್ರಿ, ಏನ್ ಬಿಟ್ರೂ ಕಮ್ಮಿ ಆಗವಲ್ದು" ಎಂದ. ಬಾಲದ ಬುಡದಲ್ಲಿ ಕೂದಲು ಸರಿಸಿ ನೋಡಿದರೆ ಚಿಗಟ ಓಡಾಡುತ್ತಿದ್ದವು, ಕಿವಿಯೊಳಗೆ ಉಣ್ಣಿ ಗೊಂಚಲಾಗಿ ಕೂತಿದ್ದವು. ಪಾಪ, ನಾಯಿ ಉಪವಾಸ ಬಿದ್ದು ಎಲುಬು ಹಂದರವಾಗಿತ್ತು. ಆಯಿಲ್ ತೊಳೆದು, ಚಿಗಟ ಉಣ್ಣಿಗೆ ಔಷಧಿ ಕೊಟ್ಟು, ಮಲಗುವ ಗೋಣಿತಟ್ಟು ಬಿಸಿಲಿಗೆ ಹಾಕಿಸಿದೆ. ಮತ್ತೆ ರೊಟ್ಟಿ ಹಾಲು ಹಾಕು ಎಂದೆ. ತಿಂಗಳೊಳಗೆ ಸರಿಯಾಯಿತು. ಸುಟ್ಟ ಆಯಿಲ್ ಮಾತ್ರ ದಯಮಾಡಿ ಹಚ್ಚಬೇಡಿ. ನಾಯಿ ಅದನ್ನು ನೆಕ್ಕುತ್ತದೆ, ಅದು ವಿಷ. ಚಿಗಟ, ಉಣ್ಣಿ, ಕಜ್ಜಿಹುಳ, ಗಾಳಿಯ ಧೂಳು ಪರಾಗ, ಇವೆಲ್ಲವನ್ನೂ ನೋಡಿ ಮುಗಿಸಿದ ಮೇಲೆ ಊಟದ ಕಡೆ ಬರಬೇಕು.

ಈಗ ನನ್ನ ತಪ್ಪು. ನಿವೃತ್ತಿಯ ನಂತರ ನಮ್ಮ ಮಾಸ್ತರರು ಹುಕ್ಕೇರಿಯಲ್ಲಿ ನೆಲೆಸಿದ್ದರು. ಮಗ ತಂದುಬಿಟ್ಟ ಮೂರು ವರ್ಷದ ಲ್ಯಾಬ್ರಡಾರ್, ಹೆಸರು ರಾಜಾ. ಮಳೆಗಾಲ, ಬೇಸಿಗೆ ಎನ್ನದೆ ವರ್ಷಪೂರ್ತಿ ಪಾದ ನೆಕ್ಕುವುದು, ಕಿವಿ ಕೆರೆಯುವುದು, ಹೊಟ್ಟೆಯ ಚರ್ಮ ಕೆಂಪಾಗುವುದು. ಚಿಗಟವಿಲ್ಲ, ಉಣ್ಣಿಯಿಲ್ಲ. ಪ್ರತಿ ಸಲವೂ ನಾನು ಸ್ಟಿರಾಯ್ಡ್ ಇಂಜೆಕ್ಷನ್ ಹಾಕಿ ಕಳಿಸುತ್ತಿದ್ದೆ. ಮರುದಿನವೇ ತುರಿಕೆ ನಿಲ್ಲುತ್ತಿತ್ತು, ನನಗೂ ಹೆಸರು ಬರುತ್ತಿತ್ತು. ಮೂರು ನಾಲ್ಕು ವಾರಕ್ಕೆ ಮತ್ತೆ ಶುರು. ಹೀಗೆ 14 ತಿಂಗಳು ನಡೆಸಿದೆ. ನಾಯಿ ಊದಿಕೊಂಡಿತು, ಬಕೆಟ್‌ಗಟ್ಟಲೆ ನೀರು ಕುಡಿದು ಪಡಸಾಲೆಯಲ್ಲೇ ಉಚ್ಚೆ ಹೊಯ್ಯತೊಡಗಿತು. ಅದು ಔಷಧಿಯ ಅಡ್ಡ ಪರಿಣಾಮ ಎಂದು ನನಗೆ ಗೊತ್ತಿತ್ತು. ಅಮ್ಮನವರು, "ಇದನ್ನ ಎಲ್ಲಿಯಾರೆ ಬಿಟ್ಟು ಬರ್ರಿ" ಎನ್ನುವ ಮಟ್ಟಕ್ಕೆ ಬಂದಿತ್ತು.

ಆ ದಿನ ಮಾಸ್ತರರು ನನ್ನ ಕೈಯಿಂದ ಚೀಟಿ ತೆಗೆದುಕೊಂಡು ನೋಡಿದರು. "ತಮ್ಮಾ, ನೀ ಏನ್ ಔಷಧ ಕೊಟ್ಟಿ ಅಂತ ಎಲ್ಲಾ ಬರಕೊಂಡೀದಿ. ಇದು ಏನ್ ತಿಂತೈತಿ ಅಂತ ಒಂದ ಸಲಾನೂ ಕೇಳಲಿಲ್ಲಲ್ಲೋ" ಎಂದರು. ಎಂಟನೇ ಇಯತ್ತೆಯಲ್ಲಿ ಉತ್ತರ ಬರದೆ ಬೆಂಚಿನ ಮೇಲೆ ನಿಂತಂತಾಯಿತು.

ಅಂದೇ ಕುಳಿತು ಪಟ್ಟಿ ಮಾಡಿದೆವು. ಚಪಾತಿ, ಅನ್ನ, ಎರಡು ಹೊತ್ತು ಹಾಲು, ಕೋಳಿಮಾಂಸದ ಪುಡಿ ಇರುವ ಪ್ಯಾಕೆಟ್ ಆಹಾರ. ಅಲರ್ಜಿಯ ವಿಚಿತ್ರವೆಂದರೆ ಅದು ಹೊಸ ಊಟಕ್ಕೆ ಬರುವುದು ಕಡಿಮೆ. ದಿನಾ ತಿಂದು ಮೈಗೆ ಪರಿಚಯವಾದ ಪ್ರೋಟೀನಿನ ಮೇಲೆಯೇ ಮೈ ತಿರುಗಿ ಬೀಳುತ್ತದೆ. ಹಾಗಾಗಿಯೇ "ಹುಟ್ಟಿದಾಗಿಂದ ಇದನ್ನೇ ತಿಂತೈತ್ರಿ, ಇದರಿಂದ ಹೆಂಗ ಆಗತೈತಿ?" ಎನ್ನುವ ಪ್ರಶ್ನೆಗೆ ಉತ್ತರ, ಅದರಿಂದಲೇ ಆಗುತ್ತದೆ ಎಂಬುದು. 2016ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಊಟದ ಅಲರ್ಜಿ ಖಚಿತವಾದ 297 ನಾಯಿಗಳ ಲೆಕ್ಕವಿದೆ. ಶೇಕಡಾ 34ಕ್ಕೆ ದನದ ಮಾಂಸ, 17ಕ್ಕೆ ಹಾಲು, 15ಕ್ಕೆ ಕೋಳಿ, 13ಕ್ಕೆ ಗೋಧಿ ಕಾರಣವಾಗಿತ್ತು. ಕುರಿಮಾಂಸದಿಂದ ಆದದ್ದು ಶೇಕಡಾ 5. ನಮ್ಮ ಕಡೆಯ ಮನೆಗಳಲ್ಲಿ ನಾಯಿಯ ಬೋಗುಣಿಗೆ ಬೀಳುವುದು ಹಾಲು, ಚಪಾತಿ, ಬಿಸ್ಕಿಟ್, ಭಾನುವಾರಕ್ಕೆ ಕೋಳಿ. ನಾನು ಸಂಶಯ ಪಡುವುದೂ ಅದೇ ಅನುಕ್ರಮದಲ್ಲಿ.

ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗುವುದಿಲ್ಲವೇ ಎಂದು ಕೇಳುತ್ತೀರಿ. ಮಾಡಿಕೊಡುವವರಿದ್ದಾರೆ, ಆದರೆ ಊಟದ ಅಲರ್ಜಿಗೆ ಆ ಪರೀಕ್ಷೆ ನಂಬುವಂಥದ್ದಲ್ಲ. ನಂಬಬಹುದಾದ ದಾರಿ ಒಂದೇ. ನಾಯಿ ಹಿಂದೆಂದೂ ತಿನ್ನದ ಒಂದು ಪ್ರೋಟೀನು, ಒಂದು ಹಿಟ್ಟಿನ ಪದಾರ್ಥ, ಇಷ್ಟನ್ನೇ 8 ವಾರ ಕೊಡುವುದು. ಐದು ವಾರಕ್ಕೆ ಹತ್ತರಲ್ಲಿ ಎಂಟು ಅಲರ್ಜಿ ನಾಯಿಗಳಿಗೆ ಗುಣ ಕಾಣುತ್ತದೆ, ಎಂಟು ವಾರಕ್ಕೆ ಒಂಬತ್ತಕ್ಕೂ ಹೆಚ್ಚು. ಪ್ರೋಟೀನನ್ನು ಚೂರುಚೂರು ಮಾಡಿ ಮೈಗೆ ಗುರುತು ಸಿಗದಂತೆ ತಯಾರಿಸಿದ 'ಹೈಡ್ರೊಲೈಸ್ಡ್' ಪ್ಯಾಕೆಟ್ ಆಹಾರವೂ ಬರುತ್ತದೆ, ಒಳ್ಳೆಯದೇ. ಆದರೆ ಅದರ ಒಂದು ಚೀಲದ ರೊಕ್ಕದಲ್ಲಿ ಬಡವರ ಮನೆಯ ಸಂತೆ ಆಗುತ್ತದೆ. ಅಂಗಡಿಯಲ್ಲಿ 'ಧಾನ್ಯವಿಲ್ಲದ ಆಹಾರ' ಎಂದು ದೊಡ್ಡ ಅಕ್ಷರದಲ್ಲಿ ಬರೆದದ್ದನ್ನು ಕೊಳ್ಳುವವರಿದ್ದಾರೆ. ಆ ಚೀಲದ ಹಿಂದೆ ಸಣ್ಣ ಅಕ್ಷರದಲ್ಲಿ ಕೋಳಿ ಎಂದಿರುತ್ತದೆ. ಕೋಳಿಗೆ ಅಲರ್ಜಿ ಇರುವ ನಾಯಿಗೆ ಧಾನ್ಯ ಬಿಡಿಸಿ ಏನು ಪ್ರಯೋಜನ?

ರಾಜಾ ತಿನ್ನದೇ ಇದ್ದದ್ದು ಎರಡು, ಮೀನು ಮತ್ತು ಗೆಣಸು. ಗೆಣಸು ಬೆಳಗಾವಿ ಜಿಲ್ಲೆಯವರಿಗೆ ಹೊಸತಲ್ಲ. ಮೀನಿನದೇ ತೊಡಕು. ಮಾಸ್ತರರದು ಲಿಂಗ ಕಟ್ಟಿದ ಮನೆ, ಮೊಟ್ಟೆಯೂ ಹೊಸ್ತಿಲು ದಾಟಿದ್ದಿಲ್ಲ. ನಾನು ಬಾಯಿ ಬಿಡಲು ಹಿಂದೆಮುಂದೆ ನೋಡಿದೆ. ಹಿಡಕಲ್ ಡ್ಯಾಮಿನ ಹಿನ್ನೀರಿನ ಕಡೆ ಮೀನು ಹಿಡಿಯುವ ಅವರ ಹಳೆಯ ವಿದ್ಯಾರ್ಥಿಯೊಬ್ಬರು, "ಸರ್, ಅದನ್ನ ನನಗ ಬಿಡ್ರಿ" ಎಂದರು. ಹಿತ್ತಲಲ್ಲಿ ಮೂರು ಕಲ್ಲಿಟ್ಟು, ಬೇರೆ ಪಾತ್ರೆಯಲ್ಲಿ, ಉಪ್ಪು ಖಾರ ಎಣ್ಣೆ ಇಲ್ಲದೆ ಬೇಯಿಸಿ, ಒಂದೊಂದು ಮುಳ್ಳನ್ನೂ ಆರಿಸಿ ಇಟ್ಟು ಹೋಗುತ್ತಿದ್ದರು. ಮಾಸ್ತರರು ಗೆಣಸು ಕಿವುಚಿ ಬೆರೆಸುತ್ತಿದ್ದರು. ಕಿವಿಯ ಸೋಂಕಿಗೆ ನಾನು ಬೇರೆ ಔಷಧಿ ಹಾಕಿದೆ. ಸ್ಟಿರಾಯ್ಡನ್ನು ಒಮ್ಮೆಲೆ ನಿಲ್ಲಿಸದೆ, ಗುಳಿಗೆಗೆ ಬದಲಾಯಿಸಿ ಇಳಿಸುತ್ತ ಬಂದೆ.

ಐದನೇ ವಾರ ಮುಗಿದರೂ ರಾಜಾ ರಾತ್ರಿ ಕೆರೆಯುತ್ತಲೇ ಇತ್ತು. ನನ್ನ ಧೈರ್ಯ ಕುಸಿಯಿತು. ಆಮೇಲೆ ತಿಳಿಯಿತು, ಅಮ್ಮನವರು ಸಂಜೆ ಚಹಾ ಹೊತ್ತಿಗೆ ಎರಡು ಬಿಸ್ಕಿಟ್ ಅದ್ದಿ ಅದರ ಬಾಯಿಗೆ ಇಡುತ್ತಿದ್ದರು. ಬಿಟ್ಟು ಬರ್ರಿ ಎಂದವರೇ! "ಅದರ ಮಾರಿ ನೋಡಿದ್ರ ನನಗ ತುತ್ತು ಇಳಿಯೂದಿಲ್ಲೋ ಯಪ್ಪಾ" ಎಂದು ಕಣ್ಣೊರೆಸಿಕೊಂಡರು. ನಾನು ಏನು ಹೇಳಲಿ? ಮತ್ತೆ ಮೊದಲ ದಿನದಿಂದ ಎಣಿಕೆ ಶುರು ಮಾಡಿದೆವು. ಮನೆಯವರೆಲ್ಲ ಒಪ್ಪದೆ ಈ ಪಥ್ಯ ನಡೆಯುವುದಿಲ್ಲ. ಪಕ್ಕದ ಮನೆಯ ಹುಡುಗರಿಗೂ ಹೇಳಬೇಕು. ರುಚಿ ಹಾಕಿದ ಜಂತಿನ ಗುಳಿಗೆ, ಉಣ್ಣಿಯ ಗುಳಿಗೆ ಸಹ ಆ 8 ವಾರ ಬೇಡ, ರುಚಿ ಹಾಕದ್ದು ಕೇಳಿ ತೆಗೆದುಕೊಳ್ಳಿ.

ಎರಡನೇ ಸಲದ ಆರನೇ ವಾರಕ್ಕೆ ತುರಿಕೆ ನಿಂತಿತು. ಹೊಟ್ಟೆಯ ಮೇಲೆ ಕೂದಲು ಬಂತು. ನಾನು ಗೆದ್ದೆ ಎಂದುಕೊಂಡೆ. ಮಾಸ್ತರರು ಬಿಡಲಿಲ್ಲ. "ಗುಣ ಆತು, ಖರೆ. ಆದರ ಕಾರಣ ಯಾವುದು? ಪ್ರಯೋಗದಾಗ ಒಂದ ಸಲಕ್ಕ ಒಂದ ಬದಲಾವಣೆ ಅಂತ ನಿನಗ ಕಲಿಸಿದ್ನಿಲ್ಲೋ?" ಎಂದರು. ಹೌದು, ಇದೇ ಶಾಲೆಯ ಪ್ರಯೋಗಶಾಲೆಯಲ್ಲಿ, ಒಂದು ಕುಂಡಕ್ಕೆ ಬೆಳಕು ಕೊಟ್ಟು ಒಂದಕ್ಕೆ ಕೊಡದೆ ಕಲಿಸಿದ್ದರು. 8 ವಾರ ಪೂರ್ತಿ ಮುಗಿಸಿ, ಹಳೆಯ ಊಟವನ್ನು ಒಂದೊಂದಾಗಿ, ಪ್ರತಿಯೊಂದನ್ನು ಎರಡು ವಾರ ಕೊಟ್ಟು ನೋಡಿದೆವು. ಚಪಾತಿ ಕೊಟ್ಟೆವು, ಏನೂ ಆಗಲಿಲ್ಲ. ಪ್ಯಾಕೆಟ್ ಆಹಾರ, ಏನೂ ಆಗಲಿಲ್ಲ. ಹಾಲು ಕೊಟ್ಟ ನಾಲ್ಕನೇ ದಿನ ಕಿವಿ ಕೆಂಡದಂತಾಯಿತು. ನಿಲ್ಲಿಸಿದೆವು, ಇಳಿಯಿತು. ಮತ್ತೊಮ್ಮೆ ಕೊಟ್ಟೆವು, ಮತ್ತೆ ಬಂತು.

ಹಾಲು! ನಮ್ಮಲ್ಲಿ ಪ್ರೀತಿ ಎಂದರೆ ಹಾಲು ಹಾಕುವುದು. ಅಮ್ಮನವರು, "ಹಂಗಾರ ಮಜ್ಜಿಗಿ ನಡೀತೈತೇನ?" ಎಂದರು. ಹಾಲು ಕುಡಿದು ಭೇದಿಯಾಗುವ ನಾಯಿಗೆ ಅದರೊಳಗಿನ ಸಕ್ಕರೆ ಜೀರ್ಣವಾಗದೆ ಇರಬಹುದು, ಅದು ಬೇರೆ ಸಂಗತಿ, ಅಂಥದ್ದಕ್ಕೆ ಮಜ್ಜಿಗೆ ನಡೆದೀತು. ಅಲರ್ಜಿ ಪ್ರೋಟೀನಿನದು. ಮಜ್ಜಿಗೆ, ಮೊಸರು, ಪೇಡೆ, ಹಾಲಿನ ಬಿಸ್ಕಿಟ್ ಎಲ್ಲದರಲ್ಲೂ ಅದೇ ಪ್ರೋಟೀನು. ಆಡಿನ ಹಾಲಿನದೂ ಬಹಳ ಹೋಲುತ್ತದೆ.

ಮೀನು ಗೆಣಸಿನ ಪಥ್ಯ ಪರೀಕ್ಷೆಗೆ ಮಾತ್ರ. ವರ್ಷಗಟ್ಟಲೆ ಅಷ್ಟೇ ಹಾಕಿದರೆ ಸುಣ್ಣದಂಶ ಮೊದಲಾದವು ಕಡಿಮೆ ಬೀಳುತ್ತವೆ. ಮರಿಗಳಿಗಂತೂ ವೈದ್ಯರನ್ನು ಕೇಳದೆ ಮಾಡಲೇಬೇಡಿ. ರಾಜಾ ಹಾಲೊಂದನ್ನು ಬಿಟ್ಟು ಉಳಿದ ಹಳೆಯ ಊಟಕ್ಕೆ ಮರಳಿತು, ಜೊತೆಗೆ ಜೋಳದ ರೊಟ್ಟಿಯೂ ಸೇರಿತು. ಒಂದು ಇಂಜೆಕ್ಷನ್ ಇಲ್ಲದೆ ಹನ್ನೊಂದನೇ ವಯಸ್ಸಿನವರೆಗೆ ಬದುಕಿ, ಮುಪ್ಪಿನಿಂದ ಸತ್ತಿತು. ಅದನ್ನು ಮಣ್ಣು ಮಾಡಿದ್ದು ಅದೇ ಹಿತ್ತಲಲ್ಲಿ, ಮೂರು ಕಲ್ಲಿನ ಒಲೆಯ ಪಕ್ಕದಲ್ಲಿ.

ಮಕ್ಕಳೇ, ನಿಮಗೊಂದು ಮಾತು. ಇವತ್ತು ಎಲ್ಲರಿಗೂ ಗೋಕಾಕದ ಕರದಂಟು ಹಂಚುತ್ತಾರಂತೆ. ಒಣದ್ರಾಕ್ಷಿ ಹಾಕಿದ ಕರದಂಟನ್ನು ಗೇಟಿನ ಹೊರಗೆ ಕುಳಿತ ನಾಯಿಗೆ ಎಸೆಯಬೇಡಿ. ದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸುತ್ತದೆ. ಅದು ಅಲರ್ಜಿಯಲ್ಲ, ವಿಷ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಚಾಕಲೇಟು ಕೂಡ ಬೇಡ.

ಹತ್ತು ನಿಮಿಷ ದಾಟಿತು, ನಿರೂಪಕರು ಗಡಿಯಾರ ನೋಡುತ್ತಿದ್ದಾರೆ. ಊಟದ ನಂತರ ನಾನು ಬಾವಿಯ ಹತ್ತಿರದ ಬೇವಿನ ಗಿಡದ ಕೆಳಗೆ ಕುಳಿತಿರುತ್ತೇನೆ. ತುರಿಸಿಕೊಳ್ಳುವ ನಾಯಿ ಇದ್ದವರು ತನ್ನಿ. ಬರುವಾಗ ಅದು ಹೋದ ವಾರ ಏನೇನು ತಿಂದಿತು ಎಂದು ಒಂದು ಹಾಳೆಯಲ್ಲಿ ಬರೆದುಕೊಂಡು ಬನ್ನಿ, ಅಜ್ಜಿ ಕದ್ದು ಕೊಟ್ಟ ಬಿಸ್ಕಿಟ್ಟನ್ನೂ ಸೇರಿಸಿ.