ಪೋರ್ತ್‌ಕರ್ನೊ ತಂತಿಮನೆ

ಇಂಗ್ಲೆಂಡಿನ ನೈಋತ್ಯದ ತುದಿಯಲ್ಲಿ, ಲ್ಯಾಂಡ್ಸ್ ಎಂಡ್ ಭೂಶಿರದ ಸಮೀಪ, ಪೋರ್ತ್‌ಕರ್ನೊ ಎಂಬ ಸಣ್ಣ ಕಣಿವೆಯೊಂದಿರುವುದು. ಇಕ್ಕೆಲಗಳಲ್ಲಿ ಗ್ರಾನೈಟ್ ಕಲ್ಲಿನ ದಿಬ್ಬ, ನಡುವೆ ಬಿಳಿಯ ಮರಳು, ಮುಂದೆ ಸಮುದ್ರ. ಯಾತ್ರಿಕರನ್ನು ಬೆರಗುಗೊಳಿಸುವ ಕೋಟೆಯಾಗಲಿ ಅರಮನೆಯಾಗಲಿ ಅಲ್ಲಿಲ್ಲ. ಆದರೂ ಆ ಕಣಿವೆಯ ತಂತಿಮನೆಯ ವಿಚಾರವನ್ನು ಶ್ರೋತೃಗಳ ಮುಂದಿಡಲು ನಾವು ಬಯಸುವುದಕ್ಕೆ ಕಾರಣವುಂಟು: ನಮ್ಮ ದೇಶಕ್ಕೂ ಲಂಡನ್ನಿಗೂ ನಡೆದ ಮಾತುಕತೆ ಬಹುಕಾಲ ಆ ಮರಳಿನ ಅಡಿಯಲ್ಲಿ ಹಾದುಹೋಯಿತು.

1857ನೆಯ ಮೇ 10ರಂದು ಮೀರತ್ತಿನಲ್ಲಿ ಸಿಪಾಯಿಗಳು ತಿರುಗಿಬಿದ್ದ ಸುದ್ದಿ ಲಂಡನ್ನಿಗೆ ಮುಟ್ಟಿದ್ದು ಜೂನ್ ತಿಂಗಳ ಕೊನೆಗೆ. ಈ ವಿಳಂಬವನ್ನು ಆಳುವವರು ಮರೆಯಲಿಲ್ಲ. 1865ರಲ್ಲಿ ಪಾರಸೀಕ ಕೊಲ್ಲಿಯ ಮಾರ್ಗವಾಗಿ ಒಂದು ತಂತಿ ಏರ್ಪಟ್ಟಿತು. ಆದರೆ ತುರ್ಕಿಯ ನೆಲವನ್ನು ದಾಟುವಾಗ ಅದು ಇಂಗ್ಲಿಷ್ ಬಾರದ ಗುಮಾಸ್ತರ ಕೈಗೆ ಸಿಕ್ಕುತ್ತಿದ್ದಿತು. ವರ್ತಮಾನಗಳು ದಿನಗಟ್ಟಲೆ ತಡವಾಗಿ, ಗುರುತು ಹತ್ತದಷ್ಟು ಕೆಟ್ಟು ಬರುತ್ತಿದ್ದುವು. ಆದಕಾರಣ ಜಾನ್ ಪೆಂಡರ್ ಎಂಬ ಬಟ್ಟೆಯ ವರ್ತಕನು, ಈಜಿಪ್ಟಿನ ಅಲ್ಪ ಭೂಭಾಗವೊಂದನ್ನುಳಿದು ಮಿಕ್ಕ ದಾರಿಯನ್ನೆಲ್ಲ ಸಮುದ್ರದ ತಳದಲ್ಲಿಯೇ ಸಾಗಿಸಲು ಹಣ ಕೂಡಿಸಿದನು. 1870ರ ಆರಂಭದಲ್ಲಿ ಗ್ರೇಟ್ ಈಸ್ಟರ್ನ್ ಎಂಬ ಮಹಾನೌಕೆಯು ಬೊಂಬಾಯಿಯಿಂದ ಏಡನ್ನಿನತ್ತ ತಂತಿಯನ್ನು ಇಳಿಬಿಡುತ್ತ ಹೋಯಿತು. ಆ ತಾಮ್ರಕ್ಕೆ ಕವಚವಾದದ್ದು ಮಲಯದ ಕಾಡುಗಳ ಗಟ್ಟಾಪರ್ಚ ಮರದ ಹಾಲು. ಅದಕ್ಕಾಗಿ ಉರುಳಿದ ಮರಗಳು ಅಸಂಖ್ಯಾತ.

ಇಂಗ್ಲೆಂಡಿನ ಕೊನೆ ಮೊದಲು ಫಾಲ್ಮತ್ ರೇವಿನಲ್ಲಿ ಏರಬೇಕಾಗಿದ್ದಿತು. ಅಲ್ಲಿ ಹಡಗುಗಳ ಲಂಗರು ತಗಲಿ ತಂತಿ ಹರಿದೀತೆಂಬ ಭಯದಿಂದ ಜನವಿರಳವಾದ ಪೋರ್ತ್‌ಕರ್ನೊವನ್ನು ಆರಿಸಿದರು. ಕಂಪನಿಯ ಹೆಸರಿನಲ್ಲಿ ಮಾತ್ರ ಫಾಲ್ಮತ್ ಹಾಗೆಯೇ ಉಳಿಯಿತು! ಆ ವರ್ಷದ ಜೂನ್ 23ರ ರಾತ್ರಿ ಲಂಡನ್ನಿನ ಪೆಂಡರನ ಮನೆಯಲ್ಲಿ ಯುವರಾಜನೇ ಮೊದಲಾದವರು ನೆರೆದು, ಭಾರತದ ವೈಸರಾಯ್ ಮೇಯೊ ಪ್ರಭುವಿನೊಡನೆ ತಂತಿಯ ಮೂಲಕ ಕುಶಲ ವಿಚಾರಿಸಿದರು.

ಆದರೆ ಒಂದೇ ತಂತಿ ಲಂಡನ್ನಿನಿಂದ ಬೊಂಬಾಯಿಗೆ ಎಳೆದಿತ್ತೆಂದು ತಿಳಿಯಲಾಗದು. ದೂರ ಹೆಚ್ಚಿದಂತೆ ವಿದ್ಯುತ್ತಿನ ಸಂಕೇತವು ಕುಗ್ಗುವುದು. ಪೋರ್ತ್‌ಕರ್ನೊದಿಂದ ಹೊರಟ ಮಾತನ್ನು ಲಿಸ್ಬನ್ನಿನ ಬಳಿಯ ಕಾರ್ಕವೆಲೊಸ್, ಜಿಬ್ರಾಲ್ಟರ್, ಮಾಲ್ಟಾ, ಅಲೆಗ್ಸಾಂಡ್ರಿಯಾ, ಸೂಯೆಜ್, ಏಡನ್‌ಗಳಲ್ಲಿ ಗುಮಾಸ್ತನೊಬ್ಬನು ಓದಿ, ತನ್ನ ಕೈಯಿಂದಲೇ ಮುಂದಕ್ಕೆ ಕಳುಹಬೇಕಾಗಿದ್ದಿತು. ಮೊದಮೊದಲು ಕನ್ನಡಿಯಿಂದ ಪ್ರತಿಫಲಿಸಿದ ಬೆಳಕಿನ ಚುಕ್ಕೆ ಎಡಬಲಕ್ಕೆ ಸರಿದಾಡುವುದನ್ನು ನೋಡಿ ಅಕ್ಷರ ಹಿಡಿಯುತ್ತಿದ್ದರು; ಬಳಿಕ ಕಾಗದದ ಪಟ್ಟಿಯ ಮೇಲೆ ಮಸಿಯ ಅಲೆಗೆರೆ ಬಂದಿತು. ಕಣ್ಣು ರೆಪ್ಪೆ ಮುಚ್ಚಿದರೆ ಒಂದು ಪದ ಹೋದಂತೆಯೇ. ಇಂಥ ಕೆಲಸಕ್ಕೆ ಹುಡುಗರನ್ನು ಪೋರ್ತ್‌ಕರ್ನೊದಲ್ಲಿಯೇ ತರಬೇತು ಮಾಡಿ, ದೂರದೂರದ ಠಾಣೆಗಳಿಗೆ ಕಳುಹುತ್ತಿದ್ದರು. 1920ರ ದಶಕದಲ್ಲಿ ಸಂಕೇತವನ್ನು ತಾನೇ ಚೇತರಿಸಿ ಕಳುಹುವ ಯಂತ್ರಗಳು ಬಂದುವು. ಮಧ್ಯದ ಠಾಣೆಗಳ ಕೈಗಳಿಗೆ ಕೆಲಸ ತಪ್ಪಿತು.

ವರ್ತಕರಿಗೆ ಇದರಿಂದ ಲಾಭವಾಯಿತೆಂಬುದು ನಿಜ. ಆದರೆ ನಮ್ಮ ದೃಷ್ಟಿಗೆ ದೊಡ್ಡದಾಗಿ ಕಾಣುವುದು ಬೇರೊಂದು ಸಂಗತಿ. ಕಾಗದ ಹೋಗಿ ಉತ್ತರ ಬರಲು ತಿಂಗಳುಗಳು ಹಿಡಿಯುತ್ತಿದ್ದಾಗ ವೈಸರಾಯನು ಅನೇಕ ವಿಷಯಗಳನ್ನು ತಾನೇ ತೀರ್ಮಾನಿಸಬೇಕಾಗಿದ್ದಿತು. ತಂತಿ ಬಂದ ಮೇಲೆ ಕಡಿವಾಣ ಲಂಡನ್ನಿನ ಮಂತ್ರಿಯ ಕೈಯಲ್ಲಿ ಬಿಗಿಯಾಯಿತು. ಇಲ್ಲಿಯ ಪ್ರಜೆಗಳ ಅಹವಾಲು ಮಾತ್ರ ಅಷ್ಟು ಶೀಘ್ರವಾಗಿ ಅಲ್ಲಿಗೆ ಹೋಗಲಿಲ್ಲ. ಪದಕ್ಕಿಷ್ಟೆಂದು ಹಣ ತೆರುವ ಶಕ್ತಿ ಎಷ್ಟು ಮಂದಿಗಿದ್ದಿತು?

1940ರಲ್ಲಿ ಫ್ರಾನ್ಸ್ ಬಿದ್ದು ಜರ್ಮನಿಯ ವಿಮಾನಗಳು ಸಮೀಪವಾದಾಗ, ಕಾರ್ನ್‌ವಾಲಿನ ತವರದ ಗಣಿಯ ಕೆಲಸಗಾರರು ದಿಬ್ಬವನ್ನು ಕೊರೆದು ಎರಡು ಸುರಂಗಗಳನ್ನು ಮಾಡಿದರು. 1941ರಲ್ಲಿ ತಂತಿಮನೆ ಅದರೊಳಗೆ ಸೇರಿತು. ಮರಳಿನ ಬಳಿ ಸಮುದ್ರದ ತಂತಿಗಳು ನೆಲದ ತಂತಿಗಳನ್ನು ಕೂಡುತ್ತಿದ್ದುದು 1929ರಲ್ಲಿ ಕಟ್ಟಿದ ಒಂದು ಪುಟ್ಟ ಕೊಠಡಿಯಲ್ಲಿ. ಅರಿಯದವನು ಅದನ್ನು ದೋಣಿಯ ಸಾಮಾನಿಡುವ ಕೋಣೆಯೆಂದಾನು.

1970ರಲ್ಲಿ, ಸರಿಯಾಗಿ ನೂರು ವರ್ಷಕ್ಕೆ, ಠಾಣೆ ಮುಚ್ಚಿತು. ತರಬೇತಿನ ಶಾಲೆ 1993ರವರೆಗೆ ನಡೆಯಿತು; ಆಮೇಲೆ ಸುರಂಗಗಳು ವಸ್ತುಸಂಗ್ರಹಾಲಯವಾದುವು. 1997ರಲ್ಲಿ ಅದೇ ಪೋರ್ತ್‌ಕರ್ನೊದಿಂದ ಕೂದಲೆಳೆಯಂಥ ಗಾಜಿನ ತಂತುಗಳ ಹೊಸ ಹಗ್ಗವೊಂದು ಸಮುದ್ರಕ್ಕಿಳಿದು ಜಪಾನಿನವರೆಗೆ ಹೋಯಿತು. ನಡುವೆ ಅದು ದಡ ಹತ್ತಿದ ಊರುಗಳಲ್ಲಿ ಮುಂಬಯಿಯೂ ಒಂದು.