ಯೂರಿಯಾ ಕಾಳಿಗೂ ಮೊದಲು ಒಂದು ಕೆಂಡದ ಕೊಳವೆ

ಮುನಿರಾಬಾದಿನ ಎಡದಂಡೆ ಕಾಲುವೆ ನೀರು ಗಂಗಾವತಿಯ ಭತ್ತದ ಗದ್ದೆಗಳಿಗೆ ಹರಿಯುತ್ತದಲ್ಲವೇ ಮಕ್ಕಳೇ? ನಾಟಿಯಾದ ಮೇಲೆ ಆ ಗದ್ದೆಗೆ ದೊಡ್ಡವರು ಯೂರಿಯಾ ಎರಚುವುದನ್ನು ನೋಡಿರುತ್ತೀರಿ. ಆ ಬಿಳಿ ಕಾಳು ಹುಟ್ಟಬೇಕಾದರೆ ಮೊದಲು ಎಲ್ಲೋ ಒಂದು ಕೊಳವೆ ಕೆಂಪಗೆ ಕಾಯಬೇಕು. ಬನ್ನಿ, ಅದರೊಳಗೆ ಇಣುಕೋಣ.

ನಮ್ಮ ರಾಜ್ಯದಲ್ಲಿ ಯೂರಿಯಾ ಮಾಡುವ ಕಾರ್ಖಾನೆ ಇರುವುದು ಮಂಗಳೂರಿನ ಪಣಂಬೂರಿನಲ್ಲಿ, 1976ರಿಂದ. ಇಂಥ ಕಡೆ ನೈಸರ್ಗಿಕ ಅನಿಲವನ್ನೂ ನೀರಾವಿಯನ್ನೂ ಕೂಡಿಸಿ, ಸುಮಾರು 800 ಡಿಗ್ರಿ ಬಿಸಿಯ ಕೊಳವೆಗಳಲ್ಲಿ ಹಾಯಿಸುತ್ತಾರೆ. ಆಗ ಯೂರಿಯಾಕ್ಕೆ ಬೇಕಾದ ಅಮೋನಿಯಾ ಮಾಡಲು ಹೈಡ್ರೋಜನ್ ಸಿಗುತ್ತದೆ. ಜೊತೆಗೆ ಇಂಗಾಲ ತುಂಬಿದ ಅನಿಲವೂ ಹೊರಡುತ್ತದೆ. ಇಂಗಾಲ ಯಾವುದು ಗೊತ್ತೇ? ಒಲೆಯ ಮೇಲಿನ ಪಾತ್ರೆಯ ತಳಕ್ಕೆ ಅಂಟುವ ಮಸಿ ಬಹುಪಾಲು ಅದೇ.

ಅಷ್ಟು ಬಿಸಿಗೆ ಬರೀ ಕಬ್ಬಿಣ ಮೆತ್ತಗಾಗಿಬಿಡುತ್ತದೆ. ಅದಕ್ಕೇ ಕಬ್ಬಿಣಕ್ಕೆ ನಿಕಲ್, ಕ್ರೋಮಿಯಂ ಬೆರೆಸಿ ಕೊಳವೆ ಎರೆಯುತ್ತಾರೆ. ಕೆಂಡದಂತೆ ಕಾದರೂ ಈ ಬೆರಕೆ ಲೋಹ ಬೇಗ ಬಲ ಬಿಡುವುದಿಲ್ಲ.

ಅಪಾಯ ಇರುವುದು ಮುಂದೆ, ಅನಿಲ ತಣಿಯುವ ದಾರಿಯಲ್ಲಿ. 800ರಿಂದ 400 ಡಿಗ್ರಿಗೆ ಇಳಿಯುವಾಗ ಇಂಗಾಲದ ಕಣಗಳು ಅನಿಲವನ್ನು ಬಿಟ್ಟು ಲೋಹದ ಮೈಗೆ ಕೂರುತ್ತವೆ, ಮೆಲ್ಲಗೆ ಒಳಗೂ ನುಸುಳುತ್ತವೆ. ಒಳಗೆ ಹೋದದ್ದು ಗ್ರಾಫೈಟ್ ಆಗಿ ಬೆಳೆಯುತ್ತದೆ; ನಿಮ್ಮ ಪೆನ್ಸಿಲ್ಲಿನಲ್ಲಿರುವುದೂ ಗ್ರಾಫೈಟೇ. ಆನೆಗೊಂದಿಯ ಹಳೆ ಗೋಡೆಯ ಸಂದಿಯಲ್ಲಿ ಅರಳಿ ಗಿಡ ಬೇರು ಬಿಟ್ಟರೆ ಏನಾಗುತ್ತದೆ? ಬೇರು ದಪ್ಪವಾದ ಹಾಗೆಲ್ಲ ಕಲ್ಲು ಸಡಿಲವಾಗುತ್ತದೆ. ಗ್ರಾಫೈಟೂ ಹಾಗೇ ಲೋಹವನ್ನು ಬಿಡಿಸಿ ಪುಡಿ ಮಾಡುತ್ತದೆ. ಹರಿಯುವ ಅನಿಲ ಆ ಪುಡಿಯನ್ನು ಹೊತ್ತೊಯ್ಯುತ್ತದೆ, ಕೊಳವೆಯಲ್ಲಿ ಗುಳಿಗಳು ಉಳಿಯುತ್ತವೆ. ಎಂಜಿನಿಯರುಗಳು ಇದನ್ನು ಮೆಟಲ್ ಡಸ್ಟಿಂಗ್ ಎನ್ನುತ್ತಾರೆ. ಗಟ್ಟಿ ಲೋಹ ಧೂಳಾಗುವುದು ನನಗಂತೂ ಈಗಲೂ ಬೆರಗಿನ ಸಂಗತಿ.

ತಡೆಯುವವರು ಯಾರು? ಕ್ರೋಮಿಯಂ. ಅದು ಆಮ್ಲಜನಕದ ಜೊತೆ ಸೇರಿ ಲೋಹದ ಮೇಲೆ ತೆಳ್ಳನೆಯ ಪದರವಾಗಿ ಹರಡುತ್ತದೆ. ಅದನ್ನು ದಾಟುವುದು ಇಂಗಾಲಕ್ಕೆ ಬಲು ಕಷ್ಟ. ನಿಮ್ಮ ಮನೆಯ ಸ್ಟೀಲ್ ಚಮಚದ ಮೇಲೂ ಅಂಥ ಪದರವಿದೆ. ಕಣ್ಣಿಗೆ ಕಾಣುವುದಿಲ್ಲ, ಕೂದಲಿಗಿಂತ ಸಾವಿರಾರು ಪಟ್ಟು ತೆಳು. ಚಮಚ ತುಕ್ಕು ಹಿಡಿಯದಿರುವುದು ಅದರಿಂದಲೇ. ಆದರೆ ಬಿಸಿ ಕೊಳವೆಯಲ್ಲಿ ಪದರ ಒಂದು ಕಡೆ ಬಿರುಕು ಬಿಟ್ಟರೂ ಇಂಗಾಲಕ್ಕೆ ಬಾಗಿಲು ತೆರೆದಂತೆ. ಹಾಗಾಗಿ ಕ್ರೋಮಿಯಂ ಹೆಚ್ಚಿರುವ ನಿಕಲ್ ಮಿಶ್ರಲೋಹವನ್ನು ಆರಿಸುತ್ತಾರೆ, ಆಗಾಗ ಕೊಳವೆಗಳನ್ನು ಪರೀಕ್ಷಿಸುತ್ತಾರೆ.

ಹಾಗಾದರೆ ಅನಿಲದಲ್ಲಿ ಉಳಿದ ಇಂಗಾಲ ಕೊನೆಗೆ ಎಲ್ಲಿಗೆ ಹೋಗುತ್ತದೆ? ಕಾರ್ಬನ್ ಡೈಆಕ್ಸೈಡ್ ಆಗಿ ಅಮೋನಿಯಾ ಜೊತೆ ಸೇರುತ್ತದೆ, ಯೂರಿಯಾ ಆಗುತ್ತದೆ. ಗದ್ದೆಗೆ ತರುವ 45 ಕಿಲೋ ಚೀಲದಲ್ಲಿ ಸುಮಾರು 9 ಕಿಲೋ ಇಂಗಾಲವೇ ಇರುತ್ತದೆ.